ಕೆರೆ ಏರಿಯ ಬುಡದಲ್ಲಿ ನೀರು ಕಂಡರೆ: ದೋಷ ಹುಡುಕಿದ ಹನ್ನೊಂದು ದಿನ

ಮೊದಲು ಕಂಡದ್ದು ಹಸಿರು. ಏಪ್ರಿಲ್ ತಿಂಗಳು. ಸುತ್ತಲಿನ ಹುಲ್ಲೆಲ್ಲ ಒಣಗಿ ಬೆಳ್ಳಗಾಗಿತ್ತು. ನಮ್ಮೂರ ಕೆರೆ ಏರಿಯ ಬುಡದಲ್ಲಿ, ಹೊಲದ ಬದಿಗೆ, ತೂಬಿನಿಂದ (ಕೆರೆಯ ನೀರು ಹೊರಬಿಡುವ ಬಾಗಿಲು) ಎಡಕ್ಕೆ ಸುಮಾರು 30 ಹೆಜ್ಜೆ ದೂರದಲ್ಲಿ ಒಂದು ಚಾಪೆಯಗಲದ ಜಾಗ ಮಾತ್ರ ಹಚ್ಚಗಿತ್ತು. ಕುರಿ ಕಾಯುವ ಹುಡುಗ ಕರೆದು ತೋರಿಸಿದ. ಕಾಲಿಟ್ಟರೆ ಪಾದ ಹೂತುಹೋಯಿತು. ಜೊತೆಗಿದ್ದ ಹಿರಿಯ ಕಾಕಾ, "ಏರಿ ಬೆವರತೈತಿ ತಮ್ಮಾ. ಕೆರಿ ತುಂಬಿದ್ರ ಹಿಂಗ ಇರೂದ. ಅಂಜಬ್ಯಾಡ" ಅಂದರು.

ಕಾಕಾ ಹೇಳಿದ್ದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ ಅಂತ ಗೊತ್ತಾಗಲು ನಮಗೆ ಹನ್ನೊಂದು ದಿನ ಬೇಕಾಯಿತು. ಇಂಥ ಕೆರೆ ನಿಮ್ಮೂರಲ್ಲೂ ಇದ್ದರೆ ನಾವು ಹುಡುಕಿದ ದಾರಿ ನಿಮಗೆ ಉಪಯೋಗಕ್ಕೆ ಬರಬಹುದು ಅಂತ ಬರೆಯುತ್ತಿದ್ದೇನೆ.

ಬೇಸಿಗೆಯಲ್ಲಿ ಏಕೆ?

ನಮ್ಮದು ವಿಜಯಪುರ ಜಿಲ್ಲೆ. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ. ಅದರಲ್ಲೂ ಹೆಚ್ಚು ಸುರಿಯುವುದು ಸೆಪ್ಟೆಂಬರ್ ಹೊತ್ತಿನ ಹುಬ್ಬಿ, ಉತ್ತರಿ ಮಳೆಯಲ್ಲಿ. ನೀರು ಹಿಡಿದಿಡುವುದು ಇಲ್ಲಿ ಹಳೆಯ ಅಭ್ಯಾಸ. 1651ರಲ್ಲಿ ಮಹಮ್ಮದ್ ಆದಿಲ್ ಶಾಹ ಕಟ್ಟಿಸಿದ ಬೇಗಂ ತಾಲಾಬ್ ಕೆರೆ ಇನ್ನೂ ವಿಜಯಪುರ ನಗರದ ಪಕ್ಕದಲ್ಲೇ ಇದೆ. ಹಳ್ಳಿಗಳ ಸಣ್ಣ ಕೆರೆಗಳಲ್ಲಿ ಎಷ್ಟೋ ಜಿನುಗು ಕೆರೆಗಳು. ಅಂದರೆ ಕಾಲುವೆಗೆ ನೀರು ಬಿಡುವುದಕ್ಕಿಂತ ನೆಲದೊಳಗೆ ಇಂಗಿಸಿ ಬಾವಿ, ಬೋರ್‌ವೆಲ್ ಉಳಿಸುವುದೇ ಅವುಗಳ ಮುಖ್ಯ ಕೆಲಸ. ಹಾಗಾಗಿ ಕೆರೆಯಿಂದ ಒಂದು ಹನಿಯೂ ಸೋರಬಾರದು ಅಂತ ಹಟ ಹಿಡಿದರೆ ಕೆರೆ ಇದ್ದೂ ಪ್ರಯೋಜನವಿಲ್ಲ.

ಮೊದಲು ಈ ಕೆರೆಗಳಲ್ಲಿ ನಾಲ್ಕೈದು ತಿಂಗಳು ನೀರಿರುತ್ತಿತ್ತು. ಕೆಲವು ವರ್ಷ ಅದೂ ಇಲ್ಲ. ಈಗ ಕೃಷ್ಣೆಯ ನೀರನ್ನು ಪಂಪ್ ಮಾಡಿ, ಕಾಲುವೆ ಮತ್ತು ಪೈಪಿನಲ್ಲಿ ತಂದು ಕೆರೆ ತುಂಬಿಸುತ್ತಾರೆ. ತುಂಬಾ ಒಳ್ಳೆಯ ಕೆಲಸ. ನಮ್ಮ ದ್ರಾಕ್ಷಿ ಪಡ, ನಿಂಬೆ ತೋಟ ಉಳಿದದ್ದೇ ಅದರಿಂದ. ಆದರೆ ಏರಿಯ ಬದುಕು ಬದಲಾಗಿದೆ. ಬಿಸಿಲಿಗೆ ಒಣಗಿ ಬಿರಿದ ಎರೆಮಣ್ಣಿಗೆ ಕೆಲವೇ ದಿನಗಳಲ್ಲಿ ತುಂಬು ನೀರಿನ ಒತ್ತಡ ಬೀಳುತ್ತದೆ. ಮಳೆಗಾಲದಲ್ಲಾದರೆ ಮೋಡ ನೋಡಿ ಯಾರಾದರೂ ಏರಿ ಮೇಲೆ ಹೋಗಿ ಬರುತ್ತಾರೆ. ಏಪ್ರಿಲ್‌ನಲ್ಲಿ ಕೆರೆ ತುಂಬಿದರೆ ಬಾಗಿನ ಬಿಟ್ಟು ಮನೆಗೆ ಬರುತ್ತೇವೆ. ಹೊಲದ ಬದಿಗೆ ಇಳಿದು ಬುಡ ನೋಡುವವರು ಯಾರೂ ಇಲ್ಲ. ಮಣ್ಣಿನ ಏರಿಗೆ ಹೆಚ್ಚು ಅಪಾಯ ಇರುವುದು ಮೊದಲ ಸಲ ತುಂಬುವಾಗ. ಬಹಳ ದಿನ ಒಣಗಿದ ಮೇಲೆ ತುಂಬುವುದೂ ಏರಿಯ ಪಾಲಿಗೆ ಮೊದಲ ಸಲವೇ.

ಒಸರು ಬೇರೆ, ಕೊರೆತ ಬೇರೆ

ಮಣ್ಣಿನ ಏರಿ ಎಷ್ಟೇ ಚೆನ್ನಾಗಿದ್ದರೂ ಸ್ವಲ್ಪ ನೀರು ಅದರೊಳಗಿಂದ ಹಾದು ಬುಡದಲ್ಲಿ ಒಸರುತ್ತದೆ. ಕಾಕಾ ಹೇಳಿದ ಬೆವರು ಇದೇ. ನೀರು ಹೊರಬರುವಾಗ ಮಣ್ಣಿನ ಕಣವನ್ನೂ ಹೊತ್ತು ತಂದರೆ ಅದು ಕೊರೆತ. ಇದು ಬುಡದಲ್ಲಿ ಶುರುವಾಗುತ್ತದೆ. ಕಣ ಕಳೆದುಕೊಂಡ ಜಾಗದಲ್ಲಿ ಸಣ್ಣ ತೂತು. ತೂತಿಗೆ ಇನ್ನಷ್ಟು ನೀರು ಬಂದು ಸೇರುತ್ತದೆ, ಇನ್ನಷ್ಟು ಮಣ್ಣು ಹೋಗುತ್ತದೆ. ಹೀಗೆ ತೂತು ಹಿಂದಕ್ಕೆ, ಕೆರೆಯ ಕಡೆಗೆ, ಏರಿಯೊಳಗೇ ಬೆಳೆಯುತ್ತ ಹೋಗುತ್ತದೆ. ಮೇಲೆ ನಿಂತವರಿಗೆ ಏನೂ ಕಾಣುವುದಿಲ್ಲ. ತೂತು ಕೆರೆಯ ನೀರನ್ನು ತಲುಪಿದ ಮೇಲೆ ಏರಿ ಉಳಿಯುವುದು ಕೆಲವು ಗಂಟೆ ಮಾತ್ರ.

2019ರ ಜುಲೈ 2ರ ರಾತ್ರಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಅಣೆಕಟ್ಟು ಒಡೆಯಿತು. ಅದೂ ಸಣ್ಣ ಮಣ್ಣಿನ ಅಣೆಕಟ್ಟೇ. ಇಪ್ಪತ್ತರ ಆಸುಪಾಸು ಜನ ಸತ್ತರು. ಸೋರುತ್ತಿದೆ ಅಂತ ಮೊದಲೇ ತಿಳಿಸಿದ್ದೆವು ಎಂದು ಊರಿನವರು ಹೇಳಿದರು. ಸೋರಿಕೆ ಕಣ್ಣಿಗೆ ಬಿದ್ದಿತ್ತು. ಸಣ್ಣದು ಅಂದರೆ ಅಪಾಯವೂ ಸಣ್ಣದು ಎಂಬ ಲೆಕ್ಕ ತಪ್ಪು ಅಂತ ನನಗೆ ಮನದಟ್ಟಾದದ್ದು ಆ ಸುದ್ದಿಯಿಂದ.

ಹಾಗಾಗಿ ನಾವು ಎರಡು ಪ್ರಶ್ನೆ ಇಟ್ಟುಕೊಂಡೆವು. ನೀರು ತಿಳಿಯೋ, ರಾಡಿಯೋ? ಅಷ್ಟೇ ಇದೆಯೋ, ಹೆಚ್ಚುತ್ತಿದೆಯೋ?

ಇದು ಕೆರೆಯ ನೀರೇ ಹೌದಾ?

ಇಲ್ಲಿ ನಾವು ಎರಡು ದಿನ ಕಳೆದುಕೊಂಡೆವು. ಪಕ್ಕದಲ್ಲಿ ಕಾಲುವೆ ಇತ್ತು. ಅದರ ಬಸಿ ಇರಬೇಕು ಅಂತ ಒಬ್ಬರು, ಮೇಲಿನ ಹೊಲದ ಡ್ರಿಪ್ ಪೈಪ್ ಒಡೆದಿರಬೇಕು ಅಂತ ಇನ್ನೊಬ್ಬರು. ಸುಮ್ನೆ ವಾದ ನಡೆಯಿತು. ಕೊನೆಗೆ ಶುದ್ಧ ನೀರಿನ ಘಟಕ ನೋಡಿಕೊಳ್ಳುವ ಹುಡುಗ ಟಿಡಿಎಸ್ ಮೀಟರ್ ತಂದ. ನೀರಿನಲ್ಲಿ ಎಷ್ಟು ಉಪ್ಪು ಕರಗಿದೆ ಅಂತ ತೋರಿಸುವ, ಪೆನ್ನಿನಂಥ ಸಾಧನ. ಕೆರೆ ನೀರಿಗೆ 310 ತೋರಿಸಿತು. ಹತ್ತಿರದ ಬೋರ್‌ವೆಲ್ ನೀರಿಗೆ 1,400 ದಾಟಿತು. ಬುಡದ ನೀರಿಗೆ 340. ಮಣ್ಣಿನ ಉಪ್ಪು ತೊಳೆದುಕೊಂಡು ಬಂದರೆ ಸ್ವಲ್ಪ ಹೆಚ್ಚಾಗುತ್ತದೆ, ಅಷ್ಟೇ. ಅದು ಬೋರ್ ನೀರಲ್ಲ, ಕೆರೆ ನೀರಿನಂಥದ್ದೇ. ಆದರೆ ಕಾಲುವೆಯಲ್ಲೂ ಹರಿಯುವುದು ಕೃಷ್ಣೆಯ ನೀರೇ ಅಲ್ವಾ? ಮೀಟರ್ ಅದನ್ನು ಬೇರೆ ಮಾಡಿ ಹೇಳಲಾರದು. ಕಾಲುವೆ ಎರಡು ದಿನ ನಿಂತಾಗಲೂ ಬುಡದ ನೀರು ಕಡಿಮೆಯಾಗಲಿಲ್ಲ. ಆಮೇಲೆಯೇ ಅದನ್ನು ಪಟ್ಟಿಯಿಂದ ತೆಗೆದೆವು.

ಬಾಟಲಿ ಮತ್ತು ತಗಡು

ಖಾಲಿ ನೀರಿನ ಬಾಟಲಿ ಸಾಕು. ದಿನಾ ಬೆಳಿಗ್ಗೆ ಒಂದೇ ಜಾಗದಿಂದ ತುಂಬಿ, ತಾರೀಕು ಬರೆದು, ಅಲುಗಾಡಿಸದೆ ಸಾಲಾಗಿ ಇಡಿ. ಮರುದಿನ ತಳದಲ್ಲಿ ಮಣ್ಣು ಕೂತಿದೆಯಾ ನೋಡಿ. ತುಂಬುವಾಗ ತಳ ಕೆದಕಬಾರದು. ದನ ತುಳಿದ ಮೇಲೆ ತುಂಬಿದರೆ ಎಲ್ಲ ನೀರೂ ರಾಡಿಯೇ. ನಾವು ಸುತ್ತ ಜಾಲಿ ಕಂಟಿ ಬಡಿದು ಬೇಲಿ ಮಾಡಿದೆವು.

ಅಳತೆಗೆ ವಿ-ನಾಚ್ ಇಟ್ಟೆವು. ಒಂದು ಜಿಐ (ಸತು ಲೇಪಿಸಿದ ಕಬ್ಬಿಣದ) ತಗಡಿನಲ್ಲಿ 90 ಡಿಗ್ರಿಯ ವಿ ಆಕಾರ ಕತ್ತರಿಸಿ, ಒಸರು ಹರಿಯುವ ಸಣ್ಣ ಕಾಲುವೆಗೆ ಅಡ್ಡ ನಿಲ್ಲಿಸಬೇಕು. ಬದಿಯಿಂದ ನೀರು ನುಸುಳದಂತೆ ಜೇಡಿಮಣ್ಣು ಮೆತ್ತಬೇಕು. ತಗಡಿನಿಂದ ಒಂದೂವರೆ ಅಡಿ ಹಿಂದೆ ಅಳತೆಪಟ್ಟಿ ಹುಗಿದು, ವಿ-ಯ ತುದಿಯಿಂದ ನೀರು ಎಷ್ಟು ಮೇಲಿದೆ ಅಂತ ಅಳೆಯಬೇಕು. ತಗಡಿನ ಬಾಯಲ್ಲೇ ಅಳೆದರೆ ಲೆಕ್ಕ ಕಡಿಮೆ ಬರುತ್ತದೆ. 3 ಸೆಂ.ಮೀ. ಇದ್ದರೆ ಸೆಕೆಂಡಿಗೆ ಸುಮಾರು 0.2 ಲೀಟರ್. 5 ಸೆಂ.ಮೀ.ಗೆ 0.8 ಲೀಟರ್. 7.5ಕ್ಕೆ 2.1, 10ಕ್ಕೆ 4.4. ಎತ್ತರ ಎರಡು ಪಟ್ಟಾದರೆ ನೀರು ಐದೂವರೆ ಪಟ್ಟಿಗಿಂತ ಜಾಸ್ತಿಯಾಗುತ್ತದೆ. ಅದಕ್ಕೇ ಅರ್ಧ ಸೆಂಟಿಮೀಟರ್ ಏರಿದರೂ ಬರೆದಿಡಬೇಕು. ತಗಡು ಸಿಗದಿದ್ದರೆ ಬಕೆಟ್ ಇಟ್ಟು, ಎಷ್ಟು ಸೆಕೆಂಡಿಗೆ ತುಂಬಿತು ಅಂತ ಮೊಬೈಲ್‌ನಲ್ಲಿ ನೋಡಿದರೂ ನಡೆಯುತ್ತದೆ.

ಪಕ್ಕದಲ್ಲೇ ಕೆರೆಯ ಮಟ್ಟವನ್ನೂ ಬರೆಯಬೇಕು. ಇದನ್ನು ಬಿಟ್ಟರೆ ಉಳಿದ ಲೆಕ್ಕಕ್ಕೆ ಅರ್ಥವಿಲ್ಲ. ಕೆರೆ ಏರಿದಾಗ ಒಸರು ಏರಿದರೆ ಅದು ಸಹಜ. ಕೆರೆ ಇದ್ದಲ್ಲೇ ಇದ್ದು ಒಸರು ಮಾತ್ರ ಏರಿದರೆ ಏರಿಯೊಳಗೆ ದಾರಿ ಅಗಲವಾಗುತ್ತಿದೆ ಅಂತ ಅರ್ಥ.

ನಮ್ಮ ನೋಟ್‌ಬುಕ್ಕಿನಲ್ಲಿ ಮೂರನೇ ದಿನ 5 ಸೆಂ.ಮೀ., ಐದನೇ ದಿನ 6, ಏಳನೇ ದಿನ ಬೆಳಿಗ್ಗೆ 7.5. ಕೆರೆ ಒಂದು ಇಂಚೂ ಏರಿರಲಿಲ್ಲ. ಏಳನೇ ದಿನದ ಬಾಟಲಿಯ ತಳದಲ್ಲಿ ಉಗುರಿನಷ್ಟು ದಪ್ಪ ಕಂದು ಮಣ್ಣು ಕೂತಿತ್ತು. ಬೆವರು ಅಂದಿದ್ದ ಕಾಕಾ ಬಾಟಲಿ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. "ಇದು ಏರಿ ಮಣ್ಣೈತಿ. ಫೋನ್ ಹಚ್ಚು" ಅಂದರು.

ಕಾರಣ ಹುಡುಕುವ ಮೊದಲು ನೀರು ಇಳಿಸಿ

ರಾಡಿ ನೀರು ಕಂಡ ಗಳಿಗೆಯಲ್ಲಿ ಪತ್ತೇದಾರಿ ಕೆಲಸ ಪಕ್ಕಕ್ಕಿಡಬೇಕು. ನಾವು ಮೊದಲು ಕೆರೆಗೆ ಬರುವ ನೀರು ನಿಲ್ಲಿಸಲು ಕೇಳಿದೆವು. ಎಂಜಿನಿಯರ್‌ಗೆ ವಿಡಿಯೋ ಕಳಿಸಿದೆವು. ಅವರು ಬಂದು ತೂಬು ತೆರೆಸಿದರು.

ನೀರು ಇಳಿಸುವುದರಲ್ಲೂ ಎಚ್ಚರ ಬೇಕು. ನೀರ ಬದಿಯ ಇಳಿಜಾರು ಪೂರ್ತಿ ನೆನೆದಿರುತ್ತದೆ. ಎದುರಿಗಿನ ನೀರು ಆಸರೆಯಾಗಿ ನಿಂತಿರುತ್ತದೆ. ದಿಢೀರ್ ಅಂತ ಇಳಿಸಿದರೆ ನೆನೆದ ಮಣ್ಣು ಕಲ್ಲಿನ ಪಿಚಿಂಗ್ (ಇಳಿಜಾರಿಗೆ ಹೊದಿಸಿದ ಕಲ್ಲು) ಸಮೇತ ಕೆಳಗೆ ಜಾರುತ್ತದೆ. ಎರೆಮಣ್ಣಿನ ಏರಿಯಲ್ಲಿ ಈ ಭಯ ಇನ್ನೂ ಜಾಸ್ತಿ. ದಿನಕ್ಕೆ ಒಂದು ಅಡಿ ಅನ್ನುವುದು ಸಾಮಾನ್ಯ ಲೆಕ್ಕ. ಏರಿ ಒಡೆಯುವ ಹಾಗೇ ಕಂಡರೆ ಆ ಲೆಕ್ಕ ಬಿಟ್ಟು ಬೇಗ ಇಳಿಸಲೇಬೇಕಾಗುತ್ತದೆ. ಆ ತೀರ್ಮಾನ ಎಂಜಿನಿಯರ್ ಅವರದ್ದು.

ಊರಿನ ಉತ್ಸಾಹಿಗಳು ಜೇಡಿಮಣ್ಣು ತಂದು ಬುಡದ ಬಾಯಿಗೆ ಜಡಿಯಲು ಹೊರಟಿದ್ದರು. ದಯವಿಟ್ಟು ಹೀಗೆ ಮಾಡಬೇಡಿ. ಬಾಯಿ ಮುಚ್ಚಿದರೆ ನೀರು ನಿಲ್ಲುವುದಿಲ್ಲ. ಒಳಗೆ ಒತ್ತಡ ಕಟ್ಟಿ ಇನ್ನೊಂದು ಕಡೆ ಒಡೆದು ಬರುತ್ತದೆ. ನೀರನ್ನು ಬಿಟ್ಟು ಮಣ್ಣನ್ನು ಮಾತ್ರ ತಡೆಯಬೇಕು. ಮೊದಲು ದಪ್ಪ ಮರಳು, ಅದರ ಮೇಲೆ ಸಣ್ಣ ಕಡಿ, ಅದರ ಮೇಲೆ ದೊಡ್ಡ ಕಲ್ಲು. ಕಾಫಿ ಸೋಸುವ ಬಟ್ಟೆಯ ಕೆಲಸವನ್ನೇ ಮರಳು ಮಾಡುತ್ತದೆ. ಬುಡದಿಂದ ಸ್ವಲ್ಪ ದೂರದ ನೆಲದಲ್ಲಿ ನೀರು ಕುದಿದ ಹಾಗೆ ಮರಳು ಚಿಮ್ಮುತ್ತಿದ್ದರೆ ಸುತ್ತ ಮರಳಿನ ಚೀಲಗಳ ಕಟ್ಟೆ ಕಟ್ಟಿ. ಒಳಗೆ ನೀರು ಒಂದೆರಡು ಅಡಿ ನಿಂತರೆ ಅದರ ಭಾರಕ್ಕೆ ಚಿಮ್ಮುವುದು ತಗ್ಗುತ್ತದೆ. ಮಣ್ಣು ಬರುವುದು ನಿಂತು ತಿಳಿನೀರು ಹರಿಯತೊಡಗಿದರೆ ಅಲ್ಲಿಗೆ ಸಾಕು. ಹರಿವನ್ನೇ ನಿಲ್ಲಿಸಲು ಹೋಗಬೇಡಿ.

ಏರಿಯ ಮೇಲೆ ಗುಂಡಿ ಬಿದ್ದರೆ, ಕೆರೆಯಲ್ಲಿ ಸುಳಿ ಕಂಡರೆ, ರಾಡಿ ನೀರು ಗಂಟೆಯಿಂದ ಗಂಟೆಗೆ ಜಾಸ್ತಿಯಾದರೆ ಮರಳು ಹಾಕುತ್ತ ಕೂರಬೇಡಿ. ಹಳ್ಳದ ದಂಡೆಯ ಮನೆಯವರನ್ನು ಮೊದಲು ಎಬ್ಬಿಸಿ. 112ಕ್ಕೆ, ಜಿಲ್ಲಾ ನಿಯಂತ್ರಣ ಕೊಠಡಿಯ 1077ಕ್ಕೆ ಫೋನ್ ಮಾಡಿ. ಏರಿಯ ಮೇಲೆ ಟ್ರ್ಯಾಕ್ಟರ್, ಜೆಸಿಬಿ ಹತ್ತಿಸಬೇಡಿ.

ದಾರಿ ಎಲ್ಲಿಂದ?

ನೀರು ಇಳಿಯುತ್ತಿರುವಾಗ ಒಂದೊಂದೇ ಅನುಮಾನ ಪರೀಕ್ಷಿಸಿದೆವು.

ಮೊದಲ ಅನುಮಾನ ತೂಬಿನ ಮೇಲೆ. ತೂಬಿನ ಕೊಳವೆಗೂ ಮಣ್ಣಿಗೂ ನಡುವೆ ಸರಿಯಾಗಿ ಹೊಂದಿಕೊಳ್ಳದೆ ನೀರು ನುಸುಳುವುದು ಹಳೆಯ ಕೆರೆಗಳಲ್ಲಿ ಸಾಮಾನ್ಯ. ಆದರೆ ತೂಬಿನ ಸುತ್ತ ನೆಲ ಒಣಗಿತ್ತು. ಆಮೇಲೆ ಬಿಲಗಳು. ಹೆಗ್ಗಣ, ಮುಳ್ಳುಹಂದಿ, ಏಡಿ ಎಲ್ಲವೂ ಏರಿ ಕೊರೆಯುತ್ತವೆ. ನಾಲ್ಕು ಬಿಲ ಸಿಕ್ಕವು. ಎಲ್ಲ ಒಣಗಿದ್ದವು, ಹಸಿ ಜಾಗದಿಂದ ದೂರ ಇದ್ದವು. ಬಳ್ಳಾರಿ ಜಾಲಿಯಂತೂ ಎಲ್ಲ ಕಡೆ ಇದೆ. ದೊಡ್ಡ ಜಾಲಿ ಕಡಿದು ಬೇರು ಒಳಗೇ ಬಿಟ್ಟರೆ ಬೇರು ಕೊಳೆತು ಪೈಪಿನಂತೆ ದಾರಿಯಾಗುತ್ತದೆ. ಗಿಡ ಸಣ್ಣದಿದ್ದಾಗಲೇ ಕಿತ್ತುಬಿಡುವುದು ಒಳ್ಳೆಯದು.

ಬಿರುಕುಗಳನ್ನೂ ನೋಡಿದೆವು. ಎರೆಮಣ್ಣು ಬೇಸಿಗೆಯಲ್ಲಿ ಚೌಕ ಚೌಕವಾಗಿ ಬಿರಿಯುತ್ತದೆ. ಹೆಚ್ಚಾಗಿ ಅದು ಮೇಲ್ಮೈಯ ಬಿರುಕು. ಏರಿಗೆ ಅಡ್ಡಲಾಗಿ, ಕೆರೆಯಿಂದ ಹೊಲದ ಕಡೆಗೆ ಓಡುವ ಬಿರುಕು ಕಂಡರೆ ಮಾತ್ರ ಬಿಡಬಾರದು. ಅದು ನೀರಿಗೆ ನೇರ ಬಾಗಿಲು. ಎಷ್ಟು ಆಳ ಅಂತ ತಿಳಿಯಲು ಸುಣ್ಣದ ನೀರು ಸುರಿದು, ಪಕ್ಕದಲ್ಲಿ ಎಚ್ಚರದಿಂದ ಅಗೆದು, ಬಿಳಿ ಗೆರೆ ಎಲ್ಲಿಗೆ ನಿಲ್ಲುತ್ತದೆ ನೋಡುತ್ತಾರೆ. ಏರಿಯ ಉದ್ದಕ್ಕೆ ಬಿಲ್ಲಿನಂತೆ ಬಾಗಿದ ಬಿರುಕು ಇದ್ದು, ಒಂದು ಬದಿ ಕುಸಿದಿದ್ದರೆ ಇಳಿಜಾರು ಜಾರುತ್ತಿದೆ ಅಂತ. ಬಿರುಕಿನ ಎರಡೂ ಕಡೆ ಗೂಟ ಹುಗಿದು ನಡುವಿನ ಅಂತರ ದಿನಾ ಅಳೆಯಿರಿ. ನಮ್ಮಲ್ಲಿ ಇವೆರಡೂ ಇರಲಿಲ್ಲ.

ಮಣ್ಣಿನ ಪರೀಕ್ಷೆ ನನಗೆ ಹೊಸದು, ಎಂಜಿನಿಯರ್ ಕಲಿಸಿದ್ದು. ಕೆಲವು ಮಣ್ಣು, ಅದರಲ್ಲೂ ಸೋಡಿಯಂ ಜಾಸ್ತಿ ಇರುವ ಸವುಳು ಮಣ್ಣು, ನೀರು ತಾಗಿದ ಕೂಡಲೇ ತಾನಾಗಿ ಕರಗಿ ಹರಡುತ್ತದೆ. ಅಂಥ ಮಣ್ಣಿನ ಏರಿಯಲ್ಲಿ ಕೂದಲೆಳೆಯ ಬಿರುಕೂ ಬೇಗ ಕೊಳವೆಯಾಗುತ್ತದೆ. ಪರೀಕ್ಷೆ ಸುಲಭ. ಗಾಜಿನ ಲೋಟದಲ್ಲಿ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ತೆಗೆದುಕೊಂಡು, ಗೋಲಿಯಷ್ಟು ಮಣ್ಣಿನ ಹೆಂಟೆ ಮೆಲ್ಲಗೆ ಬಿಡಿ. ಹೆಂಟೆ ಕುಸಿದು ಗುಪ್ಪೆಯಾಗಿ ನೀರು ತಿಳಿಯಾಗಿಯೇ ಉಳಿದರೆ ಸರಿ. ಸುತ್ತ ಹೊಗೆಯಂತೆ ರಾಡಿ ಎದ್ದು ತಳದಲ್ಲಿ ಹರಡಿದರೆ ಎಚ್ಚರ. ನಲ್ಲಿ ನೀರು, ಬೋರ್ ನೀರು ಬಳಸಿದರೆ ಅದರ ಉಪ್ಪು ಕಣಗಳನ್ನು ಹಿಡಿದಿಟ್ಟು ಸುಳ್ಳು ಉತ್ತರ ಕೊಡುತ್ತದೆ. ನಮ್ಮ ಹೆಂಟೆಯಿಂದ ತೆಳ್ಳಗೆ ಹೊಗೆ ಎದ್ದಿತು.

ನಿಜವಾದ ಸುಳಿವು ಕೊಟ್ಟದ್ದು ತಗಡೇ. ತೂಬು ತೆರೆದ ಮೇಲೆ ಕೆರೆ ದಿನಕ್ಕೆ ಒಂದು ಅಡಿಯಂತೆ ಇಳಿಯಿತು. ಒಸರೂ ನಿಧಾನವಾಗಿ ಇಳಿಯಬೇಕಿತ್ತು. ಮೂರು ದಿನ ಹಾಗೇ ಆಯಿತು. ನಾಲ್ಕನೇ ದಿನ, ಅಂದರೆ ಹನ್ನೊಂದನೆಯ ದಿನ, ಒಮ್ಮೆಗೇ 3 ಸೆಂ.ಮೀ.ಗೆ ಬಿದ್ದು ಅಲ್ಲೇ ನಿಂತಿತು. ನೀರೂ ತಿಳಿಯಾಯಿತು. ಬುಡದ ಸಾಮಾನ್ಯ ಒಸರಾಗಿದ್ದರೆ ಹೀಗೆ ಕಡಿದ ಹಾಗೆ ನಿಲ್ಲುವುದಿಲ್ಲ. ದಾರಿಯ ಬಾಯಿ ಒಂದು ನಿಶ್ಚಿತ ಎತ್ತರದಲ್ಲಿದೆ, ನೀರು ಅದಕ್ಕಿಂತ ಕೆಳಗಿಳಿಯಿತು. ಆ ಮಟ್ಟವನ್ನು ಗೌಂಡಿಗಳ ಲೆವೆಲ್ ಪೈಪಿನಿಂದ ನೀರ ಬದಿಗೆ ಹಿಡಿದು ನೋಡಿದೆವು. ಅಲ್ಲಿ ಪಿಚಿಂಗ್ ಕಲ್ಲುಗಳು ಗೇಣುದ್ದ ಕುಸಿದಿದ್ದವು. ಅಲ್ಲಿಂದ ಏರಿಯ ಮೇಲೆ ಒಂದು ನೇರ, ಮಸುಕಾದ ತಗ್ಗು. ಅದು ಹೊಲದ ಬದಿಗೆ ಇಳಿದು ಹಸಿರು ಚಾಪೆಯ ಹತ್ತಿರ ಮುಗಿಯುತ್ತಿತ್ತು. ಪ್ರಕೃತಿ ಇಷ್ಟು ನೇರ ಗೆರೆ ಎಳೆಯುವುದಿಲ್ಲ.

ಸಂಜೆ ಬದಿಯ ಹೊಲದವರು ತಾವಾಗಿಯೇ ಬಂದರು. ಎರಡು ವರ್ಷದ ಹಿಂದೆ ದ್ರಾಕ್ಷಿ ಪಡ ಒಣಗುತ್ತಿದ್ದಾಗ ಏರಿ ಅಗೆಸಿ 4 ಇಂಚಿನ ಪಿವಿಸಿ ಪೈಪ್ ಹಾಕಿಸಿದ್ದರಂತೆ. ಆಗ ಕೆರೆ ಖಾಲಿ. ಜೆಸಿಬಿಯಿಂದ ತೆಗೆದ ಮಣ್ಣನ್ನೇ ಮತ್ತೆ ದೂಡಿ ಮುಚ್ಚಿದ್ದರು. ಬಡಿದು ಗಟ್ಟಿ ಮಾಡಿರಲಿಲ್ಲ. ಅವರನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಅಗೆಯುವಾಗ ನೋಡಿದವರು ನಾವೂ ಇದ್ದೆವು.

ನೋಡಿಕೊಳ್ಳುವವರು ಯಾರು?

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಅನ್ವಯವಾಗುವುದು 15 ಮೀಟರ್‌ಗಿಂತ ಎತ್ತರದವುಗಳಿಗೆ. 10ರಿಂದ 15 ಮೀಟರ್ ಇದ್ದರೆ, ಉದ್ದ 500 ಮೀಟರ್‌ಗೆ ಅಥವಾ ಸಂಗ್ರಹ 10 ಲಕ್ಷ ಘನ ಮೀಟರ್‌ಗೆ ಕಡಿಮೆ ಇಲ್ಲದಂಥ ಕೆಲವು ಷರತ್ತುಗಳಲ್ಲಿ ಒಂದಾದರೂ ಹೊಂದಬೇಕು. ಎತ್ತರವನ್ನು ತಳಪಾಯದಿಂದ ಲೆಕ್ಕ ಹಾಕುತ್ತಾರೆ. ನಮ್ಮ 24 ಅಡಿಯ ಏರಿ ಆ ಪಟ್ಟಿಗೆ ಬರುವುದಿಲ್ಲ. ರಾಜ್ಯದಲ್ಲಿ 40ರಿಂದ 2,000 ಹೆಕ್ಟೇರ್ ಅಚ್ಚುಕಟ್ಟಿನ (ನೀರುಣ್ಣುವ ಜಮೀನಿನ) ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ, 40ಕ್ಕಿಂತ ಕಡಿಮೆಯವು ಜಿಲ್ಲಾ ಪಂಚಾಯಿತಿಗೆ ಸೇರುತ್ತವೆ. ನಿಮ್ಮ ಕೆರೆ ಯಾರದ್ದು ಅಂತ ಇವತ್ತೇ ಪಂಚಾಯಿತಿಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ರಾತ್ರಿ ಏರಿ ಸೋರುವಾಗ ಹುಡುಕುವ ವಿಷಯವಲ್ಲ ಅದು.

ಆದರೂ ಕಾಯ್ದೆಯ ಒಂದು ಒಳ್ಳೆಯ ಪದ್ಧತಿಯನ್ನು ನಾವು ಎರವಲು ಪಡೆದಿದ್ದೇವೆ. ಮಳೆಗಾಲದ ಮುಂಚೆ ಒಮ್ಮೆ, ನಂತರ ಒಮ್ಮೆ ತಪಾಸಣೆ. ಬಸವ ಜಯಂತಿ ಮುಗಿದು ಕಾರ ಹುಣ್ಣಿಮೆಯೊಳಗೆ ಒಂದು ಸುತ್ತು, ಸೀಗಿ ಹುಣ್ಣಿಮೆ ಕಳೆದ ಮೇಲೆ ಇನ್ನೊಂದು. ನಮ್ಮ ಕಡೆಗೆ ಮೂರನೆಯದೂ ಬೇಕು. ಪಂಪಿನ ನೀರು ಕೆರೆಗೆ ಬರುವಾಗ ದಿನಾ. ಆಗಲೂ ನೀರು ದಿನಕ್ಕೆ ಒಂದು ಅಡಿಗಿಂತ ಬೇಗ ಏರದಂತೆ ಕೇಳಿಕೊಳ್ಳಿ.

ಸುತ್ತು ಹೋದಾಗ ಕೋಡಿ, ಅಂದರೆ ಹೆಚ್ಚಾದ ನೀರು ಹೊರಹೋಗುವ ಜಾಗ, ನೋಡುವುದನ್ನು ಮರೆಯಬೇಡಿ. ಇನ್ನೊಂದು ಗೇಣು ನೀರು ನಿಲ್ಲಲಿ ಅಂತ ಕೋಡಿಗೆ ಮರಳು ಚೀಲ ಇಡುವುದು, ಮೀನಿಗೆ ಬಲೆ ಕಟ್ಟುವುದು ನಮ್ಮಲ್ಲಿ ಬಹಳ. ದೊಡ್ಡ ಮಳೆಗೆ ಕಸ ಸಿಕ್ಕಿ ಕೋಡಿ ಕಟ್ಟಿಕೊಂಡರೆ ನೀರು ಏರಿ ಹತ್ತಿ ಹರಿಯುತ್ತದೆ. ಮಣ್ಣಿನ ಏರಿ ಅದನ್ನು ತಾಳುವುದಿಲ್ಲ. ಟ್ರ್ಯಾಕ್ಟರ್ ಓಡಾಡಿ ಏರಿಯ ತಲೆ ಎಲ್ಲಿ ತಗ್ಗಾಗಿದೆಯೋ ಅಲ್ಲಿಂದಲೇ ಕೊಚ್ಚಿಕೊಂಡು ಹೋಗುತ್ತದೆ. ಉತ್ತರ ಕರ್ನಾಟಕವನ್ನು ಮುಳುಗಿಸಿದ 2009ರ ಅಕ್ಟೋಬರ್ ಮಳೆ ಕಂಡವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ದುರಸ್ತಿ

ಪೈಪಿನ ಉದ್ದಕ್ಕೂ ಹಳೆಯ ಸಡಿಲ ಮಣ್ಣು ಪೂರ್ತಿ ತೆಗೆಸಿದರು. ಕಂದಕದ ಗೋಡೆ ನೆಟ್ಟಗೆ ಬಿಡದೆ, ಓರೆಯಾಗಿ ಮೆಟ್ಟಿಲು ಮೆಟ್ಟಿಲಾಗಿ ಕಡಿದರು. ಹೊಸ ಮಣ್ಣು ಹಳೆಯದಕ್ಕೆ ಹಿಡಿದುಕೊಳ್ಳಲು ಅದು ಬೇಕು. ಹೊಗೆ ಎಬ್ಬಿಸದ ಮಣ್ಣನ್ನು ಬೇರೆ ಕಡೆಯಿಂದ ತಂದರು. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು, ಕೈಗೆ ನೀರು ಹತ್ತಬಾರದು, ಅಷ್ಟು ಹಸಿ. ಅರ್ಧ ಅಡಿಯ ಪದರ ಹಾಕಿ, ರೋಲರ್ ಹೊಡೆದು, ಮೇಲ್ಮೈ ಕೆರೆದು, ಮತ್ತೆ ಪದರ. ಹೊಲದ ಬದಿಯ ಬುಡದಲ್ಲಿ ಮರಳಿನ ಸೋಸು ಪದರವನ್ನು ಶಾಶ್ವತವಾಗಿ ಉಳಿಸಿದರು. ಪಡದ ಪೈಪು ಈಗ ಏರಿಯ ಮೇಲಿಂದ ಹತ್ತಿ ಇಳಿಯುತ್ತದೆ. ಪಂಪಿಗೆ ಸ್ವಲ್ಪ ಭಾರ, ಅಷ್ಟೇ.

ಅದಾದ ಮೇಲೆ ಕೆರೆ ಎರಡು ಸಲ ತುಂಬಿದೆ. ತುಂಬಿದಾಗ ತಗಡಿನಲ್ಲಿ 3ರಿಂದ 3.5 ಸೆಂ.ಮೀ. ಬಾಟಲಿ ತಿಳಿ. ಇದು ಕಾಕಾ ಹೇಳಿದ ಬೆವರು. ನೋಟ್‌ಬುಕ್ ಈಗ ಕುರಿ ಕಾಯುವ ಹುಡುಗನ ಹತ್ತಿರ ಇದೆ, ದಿನಾ ಬೆಳಿಗ್ಗೆ ಅವನೇ ಬರೆಯುತ್ತಾನೆ.